ಮಸಲ್ ಎಳೆಯತ್ತೆ, ತಳ್ಳಲ್ಲ: ಮೈ ಅಲ್ಲಾಡೋದರ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಮಂಡಿ ನೋವು ಅಂತ ಬಂದವರಿಗೆ ತೊಡೆಗೆ ಎಕ್ಸರ್ಸೈಜ್ ಹೇಳಿಕೊಟ್ರೆ "ನೋವಿರೋದು ಇಲ್ಲಿ, ನೀವ್ಯಾಕೆ ಅಲ್ಲಿ ಹಿಡ್ಕೊಂಡಿದೀರ" ಅಂತ ಕೇಳ್ತಾರೆ. ಫಿಸಿಯೋಥೆರಪಿ ಮಾಡೋ ಎಲ್ಲರ ಕಿವಿಗೂ ಈ ಮಾತು ಬಿದ್ದಿರತ್ತೆ. ಜನಕ್ಕೆ ಮಸಲ್ ಬಗ್ಗೆ ಇರೋ ಡೌಟುಗಳು ಹೆಚ್ಚುಕಮ್ಮಿ ಅವವೇ, ಅದಕ್ಕೇ ಎಲ್ಲಾ ಒಂದು ಕಡೆ ಬರೆದಿಟ್ಟಿದೀನಿ. ಪೂರ್ತಿ ಓದಲೇಬೇಕು ಅಂತೇನಿಲ್ಲ, ಬೇಕಾದ ಪ್ರಶ್ನೆಗೆ ಹೋಗಿ, ಆದ್ರೆ ಎರಡನೇದನ್ನ ಮಾತ್ರ ಬಿಡಬೇಡಿ, ಉಳಿದಿದ್ದೆಲ್ಲ ಅದರ ಮೇಲೇ ನಿಂತಿರೋದು.

ಮಸಲ್ ಅಂದ್ರೆ ಜಿಮ್ ಹುಡುಗರ ಮೈಮೇಲೆ ಕಾಣತ್ತಲ್ಲ, ಅದೇನಾ?

ಅದೂ ಹೌದು, ಅದೊಂದೇ ಅಲ್ಲ. ಮೂರು ಜಾತಿ ಇದೆ. ಹೃದಯದ್ದು ಒಂದು ಜಾತಿ. ಕರುಳು, ರಕ್ತನಾಳ, ಮೂತ್ರಕೋಶ ಇವುಗಳ ಗೋಡೆಯಲ್ಲಿರೋದು ಇನ್ನೊಂದು, ಅದು ನಮ್ಮನ್ನ ಕೇಳದೇನೇ ತನ್ನ ಕೆಲಸ ಮಾಡ್ಕೊಂಡು ಹೋಗತ್ತೆ. ಮೂರನೇದು ಮೂಳೆಗೆ ಕಚ್ಚಿಕೊಂಡಿರೋದು, ನಾವು ಬೇಕು ಅಂದಾಗ ಅಲ್ಲಾಡಿಸೋದು. ಇಲ್ಲಿ ಮಾತಾಡ್ತಿರೋದು ಈ ಮೂರನೇದರ ಬಗ್ಗೆ ಮಾತ್ರ. ಇಂಥವು ಮೈಯಲ್ಲಿ 600ಕ್ಕೂ ಜಾಸ್ತಿ ಇವೆ, ದೊಡ್ಡವರ ಮೈಯಲ್ಲಿ ಮೂಳೆ ಇರೋದು 206. ಎಲ್ಲಕ್ಕಿಂತ ದೊಡ್ಡದು ನಾವು ಕೂತ್ಕೊಳ್ಳೋ ಜಾಗದಲ್ಲಿರೋ ಗ್ಲೂಟಿಯಸ್ ಮ್ಯಾಕ್ಸಿಮಸ್, ಎಲ್ಲಕ್ಕಿಂತ ಚಿಕ್ಕದು ಕಿವಿ ಒಳಗಡೆ ಇರೋ ಸ್ಟೆಪೀಡಿಯಸ್, ಅದು ಸೆಂಟಿಮೀಟರ್ ಉದ್ದ ಕೂಡ ಇಲ್ಲ.

ಕೈ ಮಡಿಸೋದಕ್ಕೆ ಬೈಸೆಪ್ಸ್ ಒಂದಿದ್ರೆ ಸಾಕಲ್ವಾ?

ಸಾಲಲ್ಲ. ಮಸಲ್‌ಗೆ ಬರೋದು ಒಂದೇ ಕೆಲಸ, ಎಳೆಯೋದು. ತಳ್ಳೋಕೆ ಅದಕ್ಕೆ ಬರೋದೇ ಇಲ್ಲ. ನೀವು ಬಾಗಿಲು ತಳ್ತೀರ, ಕೆಟ್ಟು ನಿಂತಿರೋ ಬೈಕ್ ತಳ್ತೀರ, ಆಗಲೂ ಒಳಗೆ ಯಾವುದೋ ಮಸಲ್ ಯಾವುದೋ ಮೂಳೆನ ಎಳೀತಾನೇ ಇರತ್ತೆ. ಹಂಗಾಗಿ ಒಂದು ಕೀಲು ಒಂದು ಕಡೆಗೆ ತಿರುಗೋಕೆ ಒಂದು ಮಸಲ್ ಬೇಕು ಅಂದ್ರೆ ಅದನ್ನ ವಾಪಸ್ ತರೋಕೆ ಎದುರುಗಡೆ ಇನ್ನೊಂದು ಇರಲೇಬೇಕು. ರಟ್ಟೆಯ ಮುಂದೆ ಬೈಸೆಪ್ಸು, ಹಿಂದೆ ಟ್ರೈಸೆಪ್ಸು. ಮುಂದಿಂದು ಎಳೆಯೋವಾಗ ಹಿಂದಿಂದು ಸಡಿಲ ಬಿಡಬೇಕು, ಇಲ್ಲಾಂದ್ರೆ ಕೈ ಎಲ್ಲಿತ್ತೋ ಅಲ್ಲೇ ಇರತ್ತೆ. ಈ ಸಡಿಲ ಬಿಡೋದು ಸುಮ್ನೆ ತನ್ನಷ್ಟಕ್ಕೆ ತಾನೇ ಆಗೋದಲ್ಲ, ಬೆನ್ನುಹುರಿ ಒಂದು ಮಸಲ್‌ಗೆ "ಎಳಿ" ಅನ್ನೋ ಆರ್ಡರ್ ಹೋಗೋ ಹೊತ್ತಲ್ಲೇ ಎದುರಿನದ್ದರ ನರವನ್ನ ಹಿಡಿದು ಸುಮ್ಮನಿರಿಸತ್ತೆ. ಇದನ್ನ ಹಂತ ಹಂತವಾಗಿ ಬಿಡಿಸಿ ತೋರಿಸಿದ್ದು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್, ನರಗಳ ಮೇಲಿನ ಕೆಲಸಕ್ಕೆ 1932ರಲ್ಲಿ ಅವರಿಗೆ ನೊಬೆಲ್ ಬಂತು. ಪಾರ್ಶ್ವವಾಯು ಆದವರ ಕೈ ಮಡಿಸಿಕೊಂಡು ಬಿಗಿಯಾಗಿಬಿಡೋದನ್ನ ನೋಡಿರ್ತೀರ, ಅಲ್ಲಿ ಎಷ್ಟೋ ಸಲ ಶಕ್ತಿ ಕಮ್ಮಿ ಆಗಿರೋದು ಅರ್ಧ ತೊಂದರೆ ಆದ್ರೆ ಬಿಡೋಕೆ ಬರದೇ ಇರೋದು ಇನ್ನರ್ಧ.

ಇಷ್ಟಕ್ಕೇ ಮುಗೀಲಿಲ್ಲ. ಬೈಸೆಪ್ಸ್ ಕೆಳಗಡೆ ಬ್ರೇಕಿಯಾಲಿಸ್ ಅಂತ ಇನ್ನೊಂದು ಮಸಲ್ ಅಡಗಿದೆ, ಕಣ್ಣಿಗೆ ಕಾಣಲ್ಲ, ಹೆಸರೂ ಯಾರಿಗೂ ಗೊತ್ತಿಲ್ಲ, ಆದ್ರೆ ಮೊಣಕೈ ಮಡಿಸೋ ಕೆಲಸದಲ್ಲಿ ಅಂಗೈ ಯಾವ ಕಡೆಗಿದ್ರೂ ತಪ್ಪದೇ ಹಾಜರಿರೋದು ಅದೇ. ಇನ್ನು ಬೈಸೆಪ್ಸ್‌ನ ಮೇಲಿನ ತುದಿ ಹೆಗಲ ಮೂಳೆಗೆ ಕಟ್ಟಿದೆ, ಅಂದ್ರೆ ಅದು ಎಳೆದಾಗ ಕೆಳಗಿನ ಕೈನ ಜೊತೆಗೆ ಹೆಗಲನ್ನೂ ಎಳೆಯೋಕೆ ನೋಡತ್ತೆ, ಅದನ್ನ ಅಲ್ಲಾಡದ ಹಾಗೆ ಹಿಡಿದಿಡೋಕೆ ಹೆಗಲ ಸುತ್ತಲಿನವು ಬಿಗಿಯಾಗ್ಬೇಕು. ನೀವು ನಿಂತ್ಕೊಂಡು ಬಕೆಟ್ ಎತ್ತೋದಾದ್ರೆ ಮುಂದಕ್ಕೆ ವಾಲದೇ ಇರೋಕೆ ಬೆನ್ನು, ಹೊಟ್ಟೆ, ಮೀನಖಂಡ ಎಲ್ಲಾ ಸೇರ್ಕೊಳ್ಳತ್ತೆ, ಅದೂ ಕೈಗಿಂತ ಒಂದು ಗಳಿಗೆ ಮುಂಚೇನೇ. ಎಳೆಯೋದು ಒಂದು, ಜೊತೆಗೂಡೋದು ಕೆಲವು, ಬಿಗಿ ಹಿಡಿಯೋದು ಕೆಲವು, ಬಿಟ್ಟುಕೊಡೋದು ಒಂದು. ಜಿಮ್ಮಲ್ಲಿ "ಇವತ್ತು ಬೈಸೆಪ್ಸ್ ಡೇ" ಅಂತಾರಲ್ಲ, ಮೈಗೆ ಹಂಗೆ ಒಂದು ದಿನ ಇಲ್ಲವೇ ಇಲ್ಲ.

ಹಾಗಾದ್ರೆ ಕೈ ಇಳಿಸೋವಾಗ ಟ್ರೈಸೆಪ್ಸ್ ತಾನೇ ಕೆಲಸ ಮಾಡೋದು?

ಇಲ್ಲೇ ಜಾಸ್ತಿ ಜನ ತಪ್ಪೋದು, ಪರೀಕ್ಷೇಲಿ ಬರೆಯೋ ಹುಡುಗರೂ ಸೇರಿ. ಬಲಗೈಲಿ ಒಂದು ನೀರಿನ ಬಾಟಲ್ ಹಿಡ್ಕೊಂಡು ಮೊಣಕೈ ಮಡಿಸಿ, ಎಡಗೈನ ಬೆರಳು ಬಲ ರಟ್ಟೆಯ ಹಿಂದೆ ಇಟ್ಕೊಂಡು ಬಾಟಲ್ ನಿಧಾನಕ್ಕೆ ಕೆಳಗಿಳಿಸಿ. ಹಿಂದೆ ಮೆತ್ತಗೇ ಇರತ್ತೆ. ಈಗ ಬೆರಳು ಮುಂದಕ್ಕೆ ತಂದು ಮತ್ತೆ ಇಳಿಸಿ ನೋಡಿ, ಬೈಸೆಪ್ಸ್ ಗಟ್ಟಿಯಾಗೇ ಇದೆ. ಕೈನ ಕೆಳಗೆ ತರ್ತಿರೋದು ಭೂಮಿ, ಅದು ದಬಕ್ ಅಂತ ಬೀಳದ ಹಾಗೆ ಹಿಡಿದು ಹಿಡಿದು ಬಿಡ್ತಿರೋದು ಬೈಸೆಪ್ಸು. ಇಲ್ಲಿ ಮಸಲ್ ಎಳೀತಾ ಇದೆ ಆದ್ರೆ ಉದ್ದ ಆಗ್ತಾ ಇದೆ. ಇದಕ್ಕೆ ಎಕ್ಸೆಂಟ್ರಿಕ್ ಅಂತಾರೆ. ಎಳೀತಾ ಗಿಡ್ಡ ಆದ್ರೆ ಕಾನ್ಸೆಂಟ್ರಿಕ್, ಎಳೆದೂ ಉದ್ದ ಬದಲಾಗದೇ ಇದ್ರೆ, ಅಂದ್ರೆ ಬಾಟಲ್ ಹಿಡ್ಕೊಂಡು ಸುಮ್ನೆ ನಿಂತಿದ್ರೆ, ಐಸೋಮೆಟ್ರಿಕ್. ಟ್ರೈಸೆಪ್ಸ್ ಯಾವಾಗ ಬರತ್ತೆ ಅಂದ್ರೆ ಅಂಗೈನ ಟೇಬಲ್ ಮೇಲಿಟ್ಟು ಕೆಳಕ್ಕೆ ಒತ್ತಿ ನೋಡಿ, ತಕ್ಷಣ ಹಿಂದೆ ಕಲ್ಲಿನ ಹಾಗೆ ಆಗತ್ತೆ.

ಬೈಸೆಪ್ಸ್‌ಗೆ ಬೇರೆ ಕೆಲಸಾನೂ ಇದ್ಯಾ?

ಇದೆ, ಅಂಗೈನ ಮೇಲ್ಮುಖ ಮಾಡೋದು. ಮೊಣಕೈ ಮಡಿಸ್ಕೊಂಡು ಬಲಗೈಲಿ ಸ್ಕ್ರೂ ಟೈಟ್ ಮಾಡಿ, ಬೈಸೆಪ್ಸ್ ಉಬ್ಬೋದು ಕಾಣತ್ತೆ. ಬಲಗೈನವರಿಗೆ ಬಿಚ್ಚೋದಕ್ಕಿಂತ ಬಿಗಿ ಮಾಡೋದ್ರಲ್ಲಿ ಜೋರು ಇರೋದು ಇದಕ್ಕೇ. ಎಡಗೈನವರಿಗೆ ಉಲ್ಟಾ, ಪಾಪ.

ಸರಿ, ಈ "ಎಳೆಯೋದು" ಅಂದ್ರೆ ಒಳಗಡೆ ನಿಜವಾಗಿ ಏನಾಗತ್ತೆ?

ಸ್ವಲ್ಪ ಉದ್ದ ಇದೆ, ಆದ್ರೆ ಇದೇ ಮಜಾ ಇರೋ ಭಾಗ. ಮಸಲ್ ಬಿಡಿಸ್ತಾ ಹೋದ್ರೆ ಒಳಗೆ ಉದ್ದುದ್ದದ ಎಳೆಗಳು, ಒಂದೊಂದು ಎಳೆನೂ ಒಂದು ಜೀವಕೋಶ. ಆ ಎಳೆಯೊಳಗೆ ಸಾಲಾಗಿ ಸಾರ್ಕೋಮಿಯರ್ ಅನ್ನೋ ಸಣ್ಣ ಸಣ್ಣ ತುಂಡುಗಳು, ಒಂದರ ಉದ್ದ 2ರಿಂದ 2.5 ಮೈಕ್ರೋಮೀಟರ್, ಅಂದ್ರೆ 10 ಸೆಂಟಿಮೀಟರ್ ಎಳೆಯಲ್ಲಿ ತುದಿಗೆ ತುದಿ ಜೋಡಿಸಿದ ಹಾಗೆ 40 ಸಾವಿರ. ಪ್ರತಿ ತುಂಡಿನಲ್ಲೂ ಎರಡು ಥರದ ಪ್ರೋಟೀನ್ ತಂತಿ, ದಪ್ಪದ್ದು ಮಯೋಸಿನ್, ತೆಳ್ಳಗಿಂದು ಆಕ್ಟಿನ್. ದಪ್ಪ ತಂತಿಯಿಂದ ನೂರಾರು ತಲೆಗಳು ಹೊರಗೆ ಚಾಚಿಕೊಂಡಿರತ್ತೆ. ಈ ತಲೆ ಪಕ್ಕದ ಆಕ್ಟಿನ್ ಹಿಡ್ಕೊಳ್ಳತ್ತೆ, ಬಾಗತ್ತೆ, ಸುಮಾರು 10 ನ್ಯಾನೋಮೀಟರ್ ಎಳೆಯತ್ತೆ, ಬಿಡತ್ತೆ, ಸ್ವಲ್ಪ ಮುಂದೆ ಮತ್ತೆ ಹಿಡ್ಕೊಳ್ಳತ್ತೆ. ಜಾತ್ರೇಲಿ ತೇರು ಎಳೆಯೋದನ್ನ ನೆನೆಸ್ಕೊಳ್ಳಿ, ಹಗ್ಗಕ್ಕೆ ನೂರಾರು ಕೈ, ಎಲ್ಲರೂ ಒಟ್ಟಿಗೆ ಬಿಟ್ರೆ ತೇರು ನಿಂತೇ ಹೋಗತ್ತೆ, ಆದ್ರೆ ಕೆಲವರು ಕೈ ಬದಲಾಯಿಸೋವಾಗ ಉಳಿದವರು ಹಿಡಿದಿರ್ತಾರೆ ಅದಕ್ಕೇ ತೇರು ನಡೀತಾ ಹೋಗತ್ತೆ, ಮಯೋಸಿನ್ ತಲೆಗಳೂ ಹಾಗೇ ಒಂದೊಂದು ಒಂದೊಂದು ಹೊತ್ತಿಗೆ ಹಿಡಿದು ಬಿಟ್ಟು ಮಾಡೋದ್ರಿಂದ ಎಳೆತ ಎಲ್ಲೂ ಕಡಿಯಲ್ಲ.

ಇಲ್ಲಿ ಗಮನಿಸಬೇಕಾದ್ದು, ಯಾವ ತಂತಿನೂ ಕುಗ್ಗಲ್ಲ. ಆಕ್ಟಿನ್ ಅಷ್ಟೇ ಉದ್ದ, ಮಯೋಸಿನ್ನೂ ಅಷ್ಟೇ ಉದ್ದ, ಒಂದರ ಪಕ್ಕ ಒಂದು ಜಾರಿ ಒಳಗೆ ಹೋಗತ್ತೆ ಅಷ್ಟೇ. ಒಂದು ತುಂಡು ಗಿಡ್ಡ ಆಗೋದು ಏನೇನೂ ಅಲ್ಲ, 40 ಸಾವಿರ ತುಂಡು ಒಟ್ಟಿಗೆ ಗಿಡ್ಡ ಆದಾಗ ಕೈ ಬಾಯಿಗೆ ಬರತ್ತೆ.

ಇದನ್ನ ಶುರು ಮಾಡೋದು ನರ. ನರದ ತುದಿಯಿಂದ ಅಸಿಟೈಲ್ಕೋಲಿನ್ ಅನ್ನೋ ರಾಸಾಯನಿಕ ಹೊರಗೆ ಬರತ್ತೆ, ಎಳೆಯ ಮೇಲೆ ವಿದ್ಯುತ್ ಅಲೆ ಒಂದು ಹರಿಯತ್ತೆ, ಅದು ಒಳಗಿಳಿದ ತಕ್ಷಣ ಕೂಡಿಟ್ಟ ಕ್ಯಾಲ್ಸಿಯಂ ಸುರಿಯತ್ತೆ. ಅಲ್ಲೀತನಕ ಆಕ್ಟಿನ್ ಮೇಲೆ ಮಯೋಸಿನ್ ಹಿಡಿಯೋ ಜಾಗಗಳನ್ನ ಟ್ರೋಪೋಮಯೋಸಿನ್ ಅನ್ನೋ ಇನ್ನೊಂದು ಪ್ರೋಟೀನ್ ಅಡ್ಡ ಮುಚ್ಚಿಕೊಂಡಿರತ್ತೆ. ಕ್ಯಾಲ್ಸಿಯಂ ಹೋಗಿ ಅದರ ಜೊತೆಗಿರೋ ಟ್ರೋಪೋನಿನ್ ಅನ್ನೋ ಪ್ರೋಟೀನ್‌ಗೆ ಅಂಟಿದಾಗ ಟ್ರೋಪೋಮಯೋಸಿನ್ ಪಕ್ಕಕ್ಕೆ ಸರಿಯತ್ತೆ, ತಲೆಗಳಿಗೆ ಹಿಡಿಯೋಕೆ ಜಾಗ ಸಿಗತ್ತೆ. ನರ ಸುಮ್ಮನಾದ ಮೇಲೆ ಕ್ಯಾಲ್ಸಿಯಂನ ಪಂಪ್ ಮಾಡಿ ವಾಪಸ್ ಗೋದಾಮಿಗೆ ತುಂಬಬೇಕು, ಅದಕ್ಕೂ ಎನರ್ಜಿ ಬೇಕು. ಅಂದ್ರೆ ಸಡಿಲ ಆಗೋದೂ ಪುಕ್ಕಟೆ ಅಲ್ಲ.

(ಹೃದಯಾಘಾತ ಆಗಿದ್ಯಾ ಅಂತ ನೋಡೋಕೆ ಆಸ್ಪತ್ರೇಲಿ ಟ್ರೋಪೋನಿನ್ ಟೆಸ್ಟ್ ಬರೀತಾರಲ್ಲ, ಅದು ಇದೇ ಟ್ರೋಪೋನಿನ್ನು, ಹೃದಯದ ಮಸಲ್‌ದು. ಆ ಜೀವಕೋಶ ಸತ್ತಾಗ ಒಳಗಿಂದ ರಕ್ತಕ್ಕೆ ಸೋರತ್ತೆ.)

ಹಾಗಾದ್ರೆ ಕ್ಯಾಲ್ಸಿಯಂ ಮಾತ್ರೆ ನುಂಗಿದ್ರೆ ಮಸಲ್‌ಗೆ ಶಕ್ತಿ ಬರತ್ತಾ?

ಇಲ್ಲ. ಎಳೆಯೊಳಗೆ ಓಡಾಡೋ ಕ್ಯಾಲ್ಸಿಯಂ ಅಲ್ಲೇ ಸುತ್ತುತ್ತಾ ಇರತ್ತೆ, ರಕ್ತದಲ್ಲಿ ಅದರ ಮಟ್ಟ ಸರಿಯಾಗಿದ್ರೆ ಮೇಲೆ ಎಷ್ಟು ಸುರಿದ್ರೂ ಲಾಭ ಇಲ್ಲ. ಡಾಕ್ಟ್ರು ಹೇಳಿದ್ರೆ ತಗೊಳ್ಳಿ.

ಇದೆಲ್ಲ ಯಾರು ಕಂಡುಹಿಡಿದಿದ್ದು? ಕಣ್ಣಿಗೆ ಕಾಣದ್ದು ಹೇಗೆ ಗೊತ್ತಾಯ್ತು?

ಹಳೇ ಕಾಲದಲ್ಲಿ ಗ್ರೀಕ್ ರೋಮನ್ ವೈದ್ಯರಿಂದ ಹಿಡಿದು ತುಂಬಾ ಜನ ನಂಬಿದ್ದು ಏನು ಅಂದ್ರೆ ನರದೊಳಗಿಂದ ಏನೋ ಒಂದು ಪ್ರಾಣವಾಯು ಹರಿದುಬಂದು ಮಸಲ್‌ನ ಊದಿಸತ್ತೆ ಅಂತ. ಉಬ್ಬೋದು ಕಣ್ಣಿಗೆ ಕಾಣತ್ತಲ್ಲ, ಅದಕ್ಕೆ. 1660ರ ದಶಕದಲ್ಲಿ ಡಚ್ಚರ ಯಾನ್ ಸ್ವಾಮರ್ಡಾಮ್ ಒಂದು ಗಾಜಿನ ಕೊಳವೆಯೊಳಗೆ ಕಪ್ಪೆಯ ಮಸಲ್ ಇಟ್ಟು, ಕೊಳವೆಯ ತುದೀಲಿ ನೀರಿನ ಹನಿ ನಿಲ್ಲಿಸಿ, ನರ ಚುಚ್ಚಿ ನೋಡಿದ. ಮಸಲ್ ಸೆಟೆದುಕೊಂಡ್ತು, ಹನಿ ಮೇಲಕ್ಕೇರಲಿಲ್ಲ. ಅಂದ್ರೆ ಒಳಗೆ ಏನೂ ತುಂಬ್ತಿಲ್ಲ, ಆಕಾರ ಮಾತ್ರ ಬದಲಾಗ್ತಿದೆ. ಎಷ್ಟು ಸಿಂಪಲ್ ನೋಡಿ. ಆಮೇಲೆ ಇಟಲಿಯ ಗಾಲ್ವಾನಿ ಕಪ್ಪೆ ಕಾಲು ವಿದ್ಯುತ್‌ಗೆ ಒದೆಯೋದನ್ನ ನೋಡಿ 1791ರಲ್ಲಿ ಬರೆದ, ನಮ್ಮ ಹೈಸ್ಕೂಲ್ ಪುಸ್ತಕದವರೆಗೂ ಆ ಕಪ್ಪೆ ಬಂತು.

ತಂತಿ ಜಾರೋ ಕಥೆ ಹೊರಗೆ ಬಂದಿದ್ದು 1954ರಲ್ಲಿ. ನೇಚರ್ ಪತ್ರಿಕೆಯ ಒಂದೇ ಸಂಚಿಕೇಲಿ ಎರಡು ಲೇಖನ, ಒಂದು ಆಂಡ್ರ್ಯೂ ಹಕ್ಸ್ಲಿ ಮತ್ತು ರೋಲ್ಫ್ ನೀಡರ್ಗರ್ಕೆದು, ಇನ್ನೊಂದು ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್‌ದು. ಇಬ್ಬರು ಹಕ್ಸ್ಲಿಗಳಿಗೂ ಸಂಬಂಧವೇ ಇಲ್ಲ, ಅಣ್ಣತಮ್ಮ ಅಂದ್ಕೊಂಡವರು ಈಗಲೂ ಇದಾರೆ. ಇಬ್ಬರೂ ಬೇರೆ ಬೇರೆ ಮೈಕ್ರೋಸ್ಕೋಪಲ್ಲಿ ನೋಡಿದ್ದು ಒಂದೇ. ಮಸಲ್ ಎಳೆಯಲ್ಲಿ ಕಪ್ಪು ಬಿಳಿ ಪಟ್ಟೆ ಇರತ್ತೆ, ಎಳೆ ಗಿಡ್ಡ ಆದಾಗ ಬಿಳಿ ಪಟ್ಟೆ ಕಿರಿದಾಗತ್ತೆ, ಕಪ್ಪು ಪಟ್ಟೆ ಇದ್ದಷ್ಟೇ ಇರತ್ತೆ. ಕಪ್ಪು ಪಟ್ಟೆ ಅಂದ್ರೆ ಮಯೋಸಿನ್ ಇರೋ ಜಾಗ. ಅದು ಕುಗ್ಗದೇ ಮಸಲ್ ಕುಗ್ಗಬೇಕು ಅಂದ್ರೆ ಪಕ್ಕದ್ದು ಜಾರಲೇಬೇಕು, ಬೇರೆ ದಾರಿ ಇಲ್ಲ. ಟ್ರೋಪೋನಿನ್ ಸಿಕ್ಕಿದ್ದು ಅದಾದ ಮೇಲೆ, 1960ರ ದಶಕದಲ್ಲಿ, ಜಪಾನಿನ ಸೆತ್ಸುರೋ ಎಬಾಶಿ ಕಡೆಯಿಂದ.

ಒಂದೇ ಕೈಲಿ ಮೊಟ್ಟೆನೂ ಹಿಡೀತೀನಿ, ಗ್ಯಾಸ್ ಸಿಲಿಂಡರ್‌ನೂ ಎತ್ತುತೀನಿ. ಎಷ್ಟು ಎಳೀಬೇಕು ಅಂತ ಹೇಗೆ ಗೊತ್ತಾಗತ್ತೆ?

ಒಂದು ಎಳೆಗೆ ಸ್ವಲ್ಪ ಜಾಸ್ತಿ ಅಂತ ಹುಕುಂ ಕೊಡೋಕಾಗಲ್ಲ, ಒಂದು ಸಿಗ್ನಲ್ ಬಂದ್ರೆ ಅದು ಪೂರ್ತಿ ಸೆಟೆಯತ್ತೆ, ಬರದೇ ಇದ್ರೆ ಇಲ್ಲ. ಅದಕ್ಕೆ ಮೈ ಎಷ್ಟು ಎಳೆ ಕರೀಬೇಕು, ಎಷ್ಟು ಬೇಗ ಬೇಗ ಕರೀಬೇಕು ಅನ್ನೋದರಲ್ಲಿ ಆಟ ಆಡತ್ತೆ. ಒಂದು ನರಕೋಶ ಮತ್ತೆ ಅದರ ಕೈಕೆಳಗಿನ ಎಳೆಗಳು ಸೇರಿ ಒಂದು ಮೋಟಾರ್ ಯೂನಿಟ್. ಕಣ್ಣುಗುಡ್ಡೆ ತಿರುಗಿಸೋ ಮಸಲ್‌ನಲ್ಲಿ ಒಂದು ನರಕೋಶಕ್ಕೆ ಹತ್ತರ ಆಸುಪಾಸು ಎಳೆ, ಮೀನಖಂಡದಲ್ಲಿ ಸಾವಿರಕ್ಕೂ ಜಾಸ್ತಿ. ಅದಕ್ಕೇ ಕಣ್ಣು ಅಷ್ಟು ನಾಜೂಕು, ಮೀನಖಂಡ ಒರಟು. ಎತ್ತೋದು ಹಗುರ ಇದ್ರೆ ಚಿಕ್ಕ ಯೂನಿಟ್‌ಗಳು ಮೊದಲು ಏಳತ್ತೆ, ಭಾರ ಜಾಸ್ತಿ ಆದ ಹಾಗೆ ದೊಡ್ಡವು ಬರತ್ತೆ. ಖಾಲಿ ಡಬ್ಬ ತುಂಬಿದೆ ಅಂದ್ಕೊಂಡು ಎತ್ತಿದಾಗ ಕೈ ಪಟಕ್ ಅಂತ ಮೇಲೆ ಹಾರೋದು ಯಾಕೆ ಅಂದ್ರೆ ಎಷ್ಟು ಯೂನಿಟ್ ಬೇಕು ಅಂತ ಮೆದುಳು ಮುಂಚೇನೇ ಲೆಕ್ಕ ಹಾಕಿಬಿಟ್ಟಿರತ್ತೆ.

ಹೊಸದಾಗಿ ವೇಟ್ ಎತ್ತೋಕೆ ಶುರು ಮಾಡಿದವರಿಗೆ ಮೊದಲ ಕೆಲವು ವಾರದಲ್ಲೇ ಶಕ್ತಿ ಏರಿ, ಕೈ ಮಾತ್ರ ದಪ್ಪ ಆಗಿರಲ್ಲ, ಅದೂ ಇದೇ ವಿಷಯ. ಮಸಲ್ ಬೆಳೆದಿರಲ್ಲ, ಇರೋದನ್ನೇ ಒಟ್ಟಿಗೆ ಕರೆಯೋದು, ಎದುರಿನದ್ದನ್ನ ಸರಿಯಾದ ಹೊತ್ತಿಗೆ ಬಿಡಿಸೋದು ನರಗಳಿಗೆ ರೂಢಿ ಆಗಿರತ್ತೆ.

5 ಕೆಜಿ ಎತ್ತೋಕೆ ಮಸಲ್ 5 ಕೆಜಿ ಎಳೆದ್ರೆ ಸಾಕಲ್ವಾ?

ಸಾಲಲ್ಲ, ಹತ್ತಿರ ಹತ್ತಿರ 40 ಕೆಜಿಯಷ್ಟು ಎಳೀಬೇಕು. ಮಸಲ್ ಮೂಳೆಗೆ ಸೇರೋದು ಮೊಣಕೈ ಕೀಲಿಂದ 5 ಸೆಂಟಿಮೀಟರ್ ಅಂದಾಜಿಗೆ, ಆ 5 ಕೆಜಿ ಇರೋದು ಅಂಗೈಲಿ, 35 ಸೆಂಟಿಮೀಟರ್ ದೂರ. ಏಳು ಪಟ್ಟು ಅಲ್ಲೇ ಹೋಯ್ತು, ಮೇಲೆ ಕೈನ ಭಾರ ಬೇರೆ. ಲಾಸ್ ಅನ್ಸತ್ತೆ, ಆದ್ರೆ ಮಸಲ್ 1 ಸೆಂಟಿಮೀಟರ್ ಗಿಡ್ಡ ಆದ್ರೆ ಅಂಗೈ 7 ಸೆಂಟಿಮೀಟರ್ ಓಡತ್ತೆ, ವೇಗ ಸಿಗೋದು ಅಲ್ಲಿಂದಲೇ. ಬೌಲಿಂಗ್ ಮಾಡೋಕಾಗೋದು, ಕಲ್ಲು ಹೊಡೆದು ಮಾವಿನಕಾಯಿ ಬೀಳಿಸೋಕಾಗೋದು ಈ ಲಾಸ್‌ನ ದೆಸೆಯಿಂದ. ಭಾರದ ಚೀಲನ ಮೈಗೆ ಒತ್ತಿಕೊಂಡು ಎತ್ತಿ ಅಂತ ನಾವು ಬಡ್ಕೊಳ್ಳೋದೂ ಇದೇ ಲೆಕ್ಕದ ಮೇಲೆ.

ಬಸ್ಕಿ ಹೊಡೆಯೋವಾಗ ಯಾವ ಮಸಲ್ ಕೆಲಸ ಮಾಡತ್ತೆ?

ಸ್ಕೂಲಲ್ಲಿ ಶಿಕ್ಷೆ, ಗರಡಿ ಮನೇಲಿ ಸಾಧನೆ, ಜಿಮ್ಮಲ್ಲಿ ಸ್ಕ್ವಾಟು, ಎಲ್ಲಾ ಒಂದೇ. ಎಲ್ಲಾ ಮಸಲ್ ಹೇಗೆ ಒಟ್ಟಿಗೆ ಕೆಲಸ ಮಾಡತ್ತೆ ಅಂತ ನೋಡೋಕೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಕೆಳಗೆ ಕೂರೋವಾಗ ಮಂಡಿ ಮಡಿಸ್ತಿರೋದು ಯಾವ ಮಸಲ್ಲೂ ಅಲ್ಲ, ಮೈಭಾರ. ತೊಡೆ ಮುಂದಿನ ಕ್ವಾಡ್ರಿಸೆಪ್ಸ್ ಉದ್ದ ಆಗ್ತಾ ಆಗ್ತಾ ಹಿಡ್ಕೊಂಡಿರತ್ತೆ, ಕುಂಡಿಯ ಗ್ಲೂಟಿಯಸ್ಸೂ ಹಾಗೇ. ಅವೆರಡು ಸೋತವರು ಕುರ್ಚಿ ಹತ್ತಿರ ಹೋಗಿ ಕೂರಲ್ಲ, ಬೀಳ್ತಾರೆ, ವಯಸ್ಸಾದವರಲ್ಲಿ ಗಮನಿಸಿ. ಮೇಲೇಳೋವಾಗ ಅವೇ ಗಿಡ್ಡ ಆಗ್ತಾ ಮಂಡಿನೂ ಸೊಂಟನೂ ನೆಟ್ಟಗೆ ಮಾಡತ್ತೆ. ಬೆನ್ನಿನವು ಅಷ್ಟೂ ಹೊತ್ತು ಬೆನ್ನು ಬಾಗದ ಹಾಗೆ ಬಿಗಿ ಹಿಡಿದಿರತ್ತೆ. ಹೊಟ್ಟೆ ಬಿಗಿಯಾಗಿ ಒಳಗಿನ ಒತ್ತಡ ಏರಿ ಬೆನ್ನಿಗೆ ಆಸರೆ ಕೊಡತ್ತೆ. ಹಿಮ್ಮಡಿ ಮೇಲೇಳದ ಹಾಗೆ, ಮುಂದಕ್ಕೆ ಮುಗ್ಗರಿಸದ ಹಾಗೆ ನೋಡ್ಕೊಳ್ಳೋದು ಕಣಕಾಲಿನ ಎರಡೂ ಕಡೆಯವು.

ಈಗ ಒಂದು ವಿಚಿತ್ರ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಎರಡು ಕೀಲು ದಾಟಿ ಹೋಗತ್ತೆ, ಸೊಂಟನ ನೆಟ್ಟಗೆ ಮಾಡತ್ತೆ, ಮಂಡಿನ ಮಡಿಸತ್ತೆ. ಮುಂದಿನ ಕ್ವಾಡ್ರಿಸೆಪ್ಸ್‌ನದೇ ಒಂದು ಭಾಗ ರೆಕ್ಟಸ್ ಫೆಮೊರಿಸ್ ಸರಿ ಉಲ್ಟಾ, ಮಂಡಿನ ನೆಟ್ಟಗೆ ಮಾಡತ್ತೆ, ಸೊಂಟನ ಮಡಿಸತ್ತೆ. ಮೇಲೇಳೋವಾಗ ಎರಡೂ ಒಟ್ಟಿಗೆ ಬಿಗಿಯಾಗತ್ತೆ, ಕೂತಲ್ಲೇ ಕೈ ಇಟ್ಟು ಎದ್ದು ನೋಡಿ. ಒಂದನ್ನೊಂದು ಕ್ಯಾನ್ಸಲ್ ಮಾಡ್ಬೇಕಿತ್ತಲ್ವಾ? 1903ರಲ್ಲಿ ಅಮೆರಿಕದ ಲೊಂಬಾರ್ಡ್ ಅನ್ನೋರು ಇದೇ ಕೇಳಿದ್ರು, ಈಗಲೂ ಇದಕ್ಕೆ ಲೊಂಬಾರ್ಡ್ ಪ್ಯಾರಡಾಕ್ಸ್ ಅಂತಾರೆ. ಉತ್ತರ ಕೀಲಿನಿಂದ ಎಷ್ಟು ದೂರದಲ್ಲಿ ಎಳೆಯತ್ತೆ ಅನ್ನೋದರಲ್ಲಿದೆ. ಸೊಂಟದ ಹತ್ರ ಹ್ಯಾಮ್‌ಸ್ಟ್ರಿಂಗ್ ದೂರದಿಂದ ಎಳೆಯೋದ್ರಿಂದ ಅದು ಗೆಲ್ಲತ್ತೆ, ಮಂಡಿ ಹತ್ರ ಕ್ವಾಡ್ರಿಸೆಪ್ಸ್ ಗೆಲ್ಲತ್ತೆ, ಎರಡೂ ಕೀಲು ನೆಟ್ಟಗಾಗತ್ತೆ. ಜೊತೆಗೆ ಎರಡೂ ಕಡೆಯಿಂದ ಹಿಡಿದಿರೋದ್ರಿಂದ ಮಂಡಿ ಅಲುಗಾಡಲ್ಲ. ಎದುರಿನದ್ದು ಬಿಟ್ಟುಕೊಡತ್ತೆ ಅಂತ ಮೇಲೆ ಹೇಳಿದ್ನಲ್ಲ, ಭಾರ ಜಾಸ್ತಿ ಇದ್ದಾಗ, ಕೀಲು ಕಾಪಾಡಬೇಕಾದಾಗ ಅದು ಪೂರ್ತಿ ಬಿಡಲ್ಲ, ಸ್ವಲ್ಪ ಹಿಡ್ಕೊಂಡೇ ಇರತ್ತೆ. ಹೊಸ ಕೆಲಸ ಕಲಿಯೋವಾಗ ಈ ಹಿಡಿತ ಬೇಡದಷ್ಟು ಇರತ್ತೆ, ಸ್ಕೂಟರ್ ಕಲಿಯೋರ ಹೆಗಲು ನೋಡಿ, ಕಿವಿಗೆ ಅಂಟಿರತ್ತೆ. ಮಂಡಿ ನೋವಿಗೆ ತೊಡೆಗೆ ಎಕ್ಸರ್ಸೈಜ್ ಯಾಕೆ ಅನ್ನೋ ಪ್ರಶ್ನೆಗೂ ಇಲ್ಲೇ ಉತ್ತರ ಇದೆ: ಮಂಡಿಗೆ ಅಂತಲೇ ದೊಡ್ಡ ಮಸಲ್ ಮಂಡಿ ಮೇಲೆ ಇಲ್ಲ, ಅದನ್ನ ಹಿಡಿದಿರೋದೆಲ್ಲ ತೊಡೇದು ಮತ್ತೆ ಮೀನಖಂಡದ್ದು.

ಬೆಟ್ಟ ಹತ್ತೋವಾಗ ಸುಸ್ತು, ಇಳಿದ ಮಾರನೇ ದಿನ ತೊಡೆ ನೋವು. ಇಳಿಯೋದು ಸುಲಭ ಅಲ್ವಾ? ಲ್ಯಾಕ್ಟಿಕ್ ಆಸಿಡ್ ತಾನೇ?

ಲ್ಯಾಕ್ಟಿಕ್ ಆಸಿಡ್ ಅಲ್ಲ, ದಯವಿಟ್ಟು ಅದನ್ನ ಬಿಡಿ. ಅದು ಗಂಟೆ ಹೊತ್ತಲ್ಲಿ ರಕ್ತದಿಂದ ಖಾಲಿ ಆಗಿರತ್ತೆ, ನಿಮ್ಮ ನೋವು ಬರೋದು ಮಾರನೇ ದಿನ, ಜೋರಾಗೋದು 24ರಿಂದ 72 ಗಂಟೆಯೊಳಗೆ. ಇಳಿಯೋವಾಗ ಪ್ರತಿ ಮೆಟ್ಟಿಲಿಗೂ ತೊಡೆ ಉದ್ದ ಆಗ್ತಾ ಎಳೆಯತ್ತೆ. ಈ ಥರ ಎಳೆಯೋವಾಗ ಮಸಲ್ ಜಾಸ್ತಿ ಬಲ ತಡೀತದೆ, ಎನರ್ಜಿ ಕಮ್ಮಿ ಖರ್ಚು ಮಾಡತ್ತೆ, ಅದಕ್ಕೇ ಉಸಿರು ಕಟ್ಟಲ್ಲ, ಆದ್ರೆ ಒಳಗಿನ ತುಂಡುಗಳು ಅಲ್ಲಲ್ಲಿ ಹರಿಯತ್ತೆ, ಆಮೇಲೆ ಊತ, ನೋವು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಬಸ್ಸಲ್ಲಿ ಇಳಿದವರಿಗೂ ನಡೆದೇ ಇಳಿದವರಿಗೂ ಮಾರನೇ ದಿನ ಬೆಳಿಗ್ಗೆ ಟಾಯ್ಲೆಟ್ಟಲ್ಲಿ ಕೂರೋವಾಗ ವ್ಯತ್ಯಾಸ ಗೊತ್ತಾಗತ್ತೆ. ಒಳ್ಳೇ ಸುದ್ದಿ ಅಂದ್ರೆ ಒಂದು ಸಲ ಹೀಗೆ ಆದ್ರೆ ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋವು ಬರಲ್ಲ. ಮೂತ್ರ ಕೋಕಾಕೋಲಾ ಬಣ್ಣಕ್ಕೆ ತಿರುಗಿದ್ರೆ ಮಾತ್ರ ಮನೇಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ರಾತ್ರಿ ಮಲಗಿದ್ದಾಗ ಮೀನಖಂಡ ಹಿಡ್ಕೊಂಡುಬಿಡತ್ತೆ, ಏನು ಮಾಡ್ಬೇಕು?

ಕಾಲು ಚಾಚಿ ಬೆರಳುಗಳನ್ನ ನಿಮ್ಮ ಮುಖದ ಕಡೆಗೆ ಎಳ್ಕೊಳ್ಳಿ. ಕೈಯಿಂದ ಎಳೆಯೋದ್ರ ಜೊತೆ ಕಾಲಿನಿಂದಲೂ ಪ್ರಯತ್ನ ಮಾಡಿ, ಯಾಕಂದ್ರೆ ಮೊಣಕಾಲು ಕೆಳಗೆ ಮುಂಭಾಗದ ಮಸಲ್ ಎಳೆದ್ರೆ ಬೆನ್ನುಹುರಿ ಹಿಂದಿನ ಮೀನಖಂಡಕ್ಕೆ ಸುಮ್ನಿರು ಅನ್ನತ್ತೆ, ಶೆರಿಂಗ್ಟನ್ ಹೇಳಿದ್ದು ಹಾಸಿಗೆ ಮೇಲೂ ಉಪಯೋಗಕ್ಕೆ ಬರತ್ತೆ. ಬಸುರಿಯರಲ್ಲಿ, ವಯಸ್ಸಾದವರಲ್ಲಿ, ದಿನವಿಡೀ ನಿಂತು ಕೆಲಸ ಮಾಡೋರಲ್ಲಿ ಜಾಸ್ತಿ. ಮೂತ್ರ ಜಾಸ್ತಿ ಹೋಗೋಕೆ ಕೊಡೋ ಬಿಪಿ ಮಾತ್ರೆ ತಗೊಳ್ತಿದ್ದು ಪದೇ ಪದೇ ಹಿಡೀತಿದ್ರೆ ಡಾಕ್ಟ್ರಿಗೆ ತಿಳಿಸಿ. ಒಂದೇ ಕಾಲು ಊದಿ, ಬಿಸಿಯಾಗಿ, ನೋವು ಬಿಡದೇ ಇದ್ರೆ ಅದನ್ನ ಮಸಲ್ ಹಿಡಿದಿದ್ದು ಅಂತ ತಿಕ್ಕಿಸ್ಕೊಳ್ಳಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ.

ಸುಮ್ನೆ ನಿಂತಿದ್ರೆ ಮಸಲ್ ರೆಸ್ಟಲ್ಲಿರತ್ತೆ ಅಲ್ವಾ?

ಇಲ್ಲ. ಮೈಭಾರ ಬೀಳೋದು ಕಣಕಾಲಿಗಿಂತ ಸ್ವಲ್ಪ ಮುಂದೆ, ಮುಂದಕ್ಕೆ ಬೀಳದ ಹಾಗೆ ಮೀನಖಂಡದ ಒಳಪದರ ಸೋಲಿಯಸ್ ಪೂರ್ತಿ ಹೊತ್ತು ಎಳೀತಿರತ್ತೆ. ಅದು ಹಿಂಡಿ ಬಿಟ್ಟು ಮಾಡಿದಾಗಲೇ ಕಾಲಿನ ರಕ್ತ ಸರಿಯಾಗಿ ಮೇಲಕ್ಕೆ ಹೋಗೋದು. ಪ್ರೇಯರ್‌ನಲ್ಲಿ ಅಲ್ಲಾಡದೇ ನಿಲ್ಲಿಸಿದ ಮಕ್ಕಳು ತಲೆಸುತ್ತಿ ಬೀಳೋದು ಅದಕ್ಕೇ, ಹಿಮ್ಮಡಿ ಎತ್ತಿ ಇಳಿಸೋಕೆ ಬಿಟ್ರೆ ಎಷ್ಟೋ ತಪ್ಪತ್ತೆ.

ಬೆರಳಲ್ಲಿ ಮಸಲ್ ಎಲ್ಲಿರತ್ತೆ?

ಬೆರಳಲ್ಲಿ ಇಲ್ಲ! ಬೆರಳು ಮಡಿಸೋ ದೊಡ್ಡ ಮಸಲ್‌ಗಳೆಲ್ಲ ಮೊಣಕೈ ಕೆಳಗಿರೋದು, ಅಲ್ಲಿಂದ ಉದ್ದನೆ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳಿಗೆ ಬರತ್ತೆ. ಸಣ್ಣವು ಕೆಲವು ಅಂಗೈಲಿವೆ. ಟೈಪ್ ಮಾಡೋ ಹಾಗೆ ಬೆರಳಾಡಿಸ್ತಾ ಮೊಣಕೈ ಕೆಳಗೆ ಹಿಡ್ಕೊಂಡು ನೋಡಿ.

ಅಂಗೈ ಟೇಬಲ್ ಮೇಲಿಟ್ಟು ನಡುಬೆರಳನ್ನ ಮಾತ್ರ ಒಳಗೆ ಮಡಿಸಿ, ಉಳಿದವನ್ನ ಒಂದೊಂದಾಗಿ ಎತ್ತಿ. ಉಂಗುರ ಬೆರಳು ಅಲ್ಲಾಡಲ್ಲ. ಬೆರಳು ಎತ್ತೋ ರಜ್ಜುಗಳು ಕೈಹಿಂಭಾಗದಲ್ಲಿ ಒಂದಕ್ಕೊಂದು ಕಟ್ಟಿಕೊಂಡಿವೆ, ತೋರುಬೆರಳು ಕಿರುಬೆರಳಿಗೆ ಬೇರೆ ಮಸಲ್ ಇದೆ, ಉಂಗುರ ಬೆರಳಿಗೆ ಇಲ್ಲ. ಕೀಬೋರ್ಡ್ ಕಲಿಯೋರು ಆ ಬೆರಳು ಮಾತು ಕೇಳಲ್ಲ ಅಂತ ಗೋಳಾಡೋದು ಸುಳ್ಳಲ್ಲ.

ಇನ್ನೊಂದು. ಮಣಿಕಟ್ಟನ್ನ ಪೂರ್ತಿ ಒಳಕ್ಕೆ ಬಾಗಿಸ್ಕೊಂಡು ಮುಷ್ಟಿ ಬಿಗಿ ಹಿಡಿಯೋಕೆ ನೋಡಿ, ಹಿಡಿತವೇ ಬರಲ್ಲ. ಬೆರಳು ಮಡಿಸೋ ಮಸಲ್ ಆಗಲೇ ಗಿಡ್ಡ ಆಗಿರತ್ತೆ, ಇನ್ನು ಜಾರೋಕೆ ತಂತಿಗೆ ಜಾಗ ಇರಲ್ಲ. ಅದಕ್ಕೇ ಗಟ್ಟಿಯಾಗಿ ಏನು ಹಿಡಿದ್ರೂ ಮಣಿಕಟ್ಟನ್ನ ಸ್ವಲ್ಪ ಹಿಂದಕ್ಕೆ ಎಳೆದಿಡೋ ಮಸಲ್‌ಗಳು ಜೊತೆಗೆ ದುಡೀಬೇಕು, ಅವು ಹುಟ್ಟೋದು ಮೊಣಕೈನ ಹೊರಬದಿಯ ಎಲುಬಿನ ಉಬ್ಬಿಂದ. ನೆನೆದ ಬೆಡ್‌ಶೀಟ್ ಹಿಂಡೋ ಹೆಂಗಸರಿಗೆ ಅಲ್ಲೇ ನೋವು ಬರತ್ತೆ. ಟೆನಿಸ್ ಎಲ್ಬೋ ಅಂತ ಚೀಟೀಲಿ ಬರೆದಿದ್ದು ನೋಡಿ "ನಾನು ಟೆನಿಸ್ ಆಡೇ ಇಲ್ಲವಲ್ಲಪ್ಪ" ಅಂದವರು ಬೇಕಾದಷ್ಟು ಜನ.

ಕೆಲವರು ಓಡ್ತಾನೇ ಇರ್ತಾರೆ, ಕೆಲವರು 100 ಮೀಟರ್‌ಗೆ ಮಾತ್ರ. ಯಾಕೆ?

ಎಳೆಗಳಲ್ಲಿ ನಿಧಾನದ್ದು, ವೇಗದ್ದು ಅಂತ ಇದೆ. ನಿಧಾನದ್ದು ಕೆಂಪಗಿರತ್ತೆ, ಆಮ್ಲಜನಕ ಬಳಸತ್ತೆ, ಸುಸ್ತಾಗಲ್ಲ, ಸೋಲಿಯಸ್‌ನಲ್ಲಿ ಹೆಚ್ಚಿನ ಪಾಲು ಇವೇ. ವೇಗದ್ದು ಬೆಳ್ಳಗೆ, ಜೋರು, ಬೇಗ ಸೋಲತ್ತೆ. ಕೋಳಿ ಸಾರಲ್ಲಿ ತೊಡೆ ಪೀಸ್ ಕಪ್ಪಗೆ, ಎದೆ ಪೀಸ್ ಬೆಳ್ಳಗೆ ಇರೋದು ಇದೇ ಕಾರಣಕ್ಕೆ, ಕೋಳಿ ದಿನವಿಡೀ ನಡೆಯತ್ತೆ, ಹಾರೋದು ಅಪರೂಪ. ಯಾರಿಗೆ ಯಾವುದು ಎಷ್ಟು ಅನ್ನೋದರಲ್ಲಿ ಹುಟ್ಟಿನ ಪಾಲು ದೊಡ್ಡದು. ಇಂಧನದ್ದೂ ಒಂದು ಲೆಕ್ಕ ಇದೆ: ಮಯೋಸಿನ್‌ಗೆ ಬೇಕಾದ ಎಟಿಪಿ ಅನ್ನೋ ಇಂಧನ ಮಸಲ್‌ನಲ್ಲಿ ಕೂಡಿಟ್ಟಿರೋದು ಎರಡು ಮೂರು ಸೆಕೆಂಡಿಗೆ ಮಾತ್ರ, ಆಮೇಲೆ ಕ್ರಿಯೇಟಿನ್ ಫಾಸ್ಫೇಟ್ ಅನ್ನೋ ಇನ್ನೊಂದು ದಾಸ್ತಾನು ಸುಮಾರು 10 ಸೆಕೆಂಡ್ ತಳ್ಳತ್ತೆ, ಅದಾದ್ಮೇಲೆ ಸಕ್ಕರೆ, ಕೊಬ್ಬು ಒಡೆದು ಹೊಸದು ಮಾಡ್ಕೋಬೇಕು.

ಸತ್ತ ಮೇಲೆ ಹೆಣ ಯಾಕೆ ಬಿಗಿಯಾಗತ್ತೆ?

ಎಟಿಪಿ ಖಾಲಿ ಆಗಿ. ಮಯೋಸಿನ್ ತಲೆ ಆಕ್ಟಿನ್‌ನ ಬಿಡಬೇಕು ಅಂದ್ರೆ ಹೊಸ ಎಟಿಪಿ ಬಂದು ಅಂಟಬೇಕು, ಉಸಿರು ನಿಂತ ಮೇಲೆ ಅದು ತಯಾರಾಗಲ್ಲ, ಹಿಡಿದಿದ್ದು ಹಿಡಿದ ಹಾಗೇ ಉಳಿಯತ್ತೆ. ಕೆಲವು ಗಂಟೆಲಿ ಶುರುವಾಗಿ 12 ಗಂಟೆ ಹೊತ್ತಿಗೆ ಪೂರ್ತಿ ಬಿಗಿಯಾಗತ್ತೆ, ಸೆಖೆಗಾಲದಲ್ಲಿ ಇನ್ನೂ ಬೇಗ. ಒಂದೆರಡು ದಿನದಲ್ಲಿ ಪ್ರೋಟೀನ್‌ಗಳೇ ಕರಗಿ ಸಡಿಲ ಆಗತ್ತೆ. ಸತ್ತವರ ಕೈಕಾಲು ಬೇಗ ಸರಿ ಮಾಡಿ, ಬಾಯಿ ಕಟ್ಟಿ ಅಂತ ಹಿರಿಯರು ಅವಸರ ಮಾಡೋದಕ್ಕೆ ಕಾರಣ ಇದೆ.

ಚಳಿ ಆದ್ರೆ ನಡುಕ ಯಾಕೆ?

ಮಸಲ್ ಖರ್ಚು ಮಾಡೋ ಎನರ್ಜಿಯಲ್ಲಿ ಕಾಲು ಭಾಗ ಕೆಲಸಕ್ಕೆ ಹೋದ್ರೆ ಹೆಚ್ಚು, ಉಳಿದಿದ್ದು ಶಾಖ. ನಡುಕದಲ್ಲಿ ಎದುರುಬದುರು ಮಸಲ್‌ಗಳು ಎರಡೂ ಸೆಟೆಯತ್ತೆ, ಕೈಕಾಲು ಎಲ್ಲಿಗೂ ಹೋಗಲ್ಲ, ಮೈ ಬಿಸಿಯಾಗತ್ತೆ.

ಕಣ್ಣು ಅದುರ್ತಿದೆ. ಶಕುನಾನಾ?

ಗಂಡಸಿಗೆ ಬಲಗಣ್ಣು ಅದುರಿದ್ರೆ ಒಳ್ಳೇದು, ಹೆಂಗಸಿಗೆ ಎಡಗಣ್ಣು ಅಂತ ನಮ್ಮ ಕಡೆ ಹೇಳ್ತಾರೆ, ಆ ಲೆಕ್ಕ ನಂಗೆ ಬರಲ್ಲ. ರೆಪ್ಪೆ ಮುಚ್ಚೋ ಮಸಲ್‌ನ ಒಂದೆರಡು ಮೋಟಾರ್ ಯೂನಿಟ್ ಯಾರೂ ಕರೀದೇ ತಾವೇ ಸೆಟೀತಿರತ್ತೆ ಅಷ್ಟೇ. ನಿದ್ದೆಗೆಟ್ಟಾಗ, ಕಾಫಿ ಜಾಸ್ತಿ ಆದಾಗ, ಟೆನ್ಷನ್ ಇದ್ದಾಗ ಬರತ್ತೆ, ಎರಡು ದಿನ ಚೆನ್ನಾಗಿ ಮಲಗಿ, ಸಾಯಂಕಾಲದ ಕಾಫಿ ಬಿಡಿ. ಕೆಲವು ವಾರ ಆದ್ರೂ ನಿಲ್ಲದಿದ್ರೆ, ಕಣ್ಣು ಪೂರ್ತಿ ಮುಚ್ಚಿಕೊಳ್ತಿದ್ರೆ, ಇಲ್ಲಾ ಕೆನ್ನೆ ಬಾಯಿ ಕೂಡ ಎಳೆದ ಹಾಗಾದ್ರೆ ನರರೋಗದ ಡಾಕ್ಟ್ರಿಗೆ ತೋರಿಸಿ.